ಶಿವಮೊಗ್ಗ–ಭದ್ರಾವತಿಯ ರಾಜಕಾರಣ, 1942–1974

ಇಪ್ಪತ್ತನೆಯ ಶತಮಾನದ ನಡುಭಾಗದ ಶಿವಮೊಗ್ಗದ ರಾಜಕಾರಣ ಎಂದೊಡನೆ ನಾಲ್ಕಾರು ಹೆಸರುಗಳು ಮುಂದೆ ಬಂದು ನಿಲ್ಲುತ್ತವೆ: ಕಡಿದಾಳ್ ಮಂಜಪ್ಪ, ಶಾಂತವೇರಿ ಗೋಪಾಲಗೌಡ, ಎಚ್. ಗಣಪತಿಯಪ್ಪ, ಜೆ.ಎಚ್. ಪಟೇಲ್, ಸ್ವಲ್ಪ ತಡವಾಗಿ ಎಸ್. ಬಂಗಾರಪ್ಪ ಮತ್ತು ಕಾಗೋಡು ತಿಮ್ಮಪ್ಪ. ಈ ಹೆಸರುಗಳ ಸುತ್ತ ಕತೆ ಹೆಣೆಯುವುದು ಕಷ್ಟವಲ್ಲ, ಹೆಣೆದೂ ಆಗಿದೆ. ಆದರೆ ಇದೇ ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳಲ್ಲಿ ಅಷ್ಟು ಮಂದಿ ಸೆಟೆದು ನಿಲ್ಲುವ ನಾಯಕರು ಹುಟ್ಟಿದಾಗ, ಸಾವಿರಾರು ಕಾರ್ಮಿಕರು ಒಂದೇ ಗೇಟಿನಲ್ಲಿ ಒಳಹೋಗಿ ಹೊರಬರುತ್ತಿದ್ದ ಭದ್ರಾವತಿಯಲ್ಲಿ ಅಂಥ ರಾಜ್ಯಮಟ್ಟದ ನಾಯಕತ್ವ ಏಕೆ ಮೂಡಲಿಲ್ಲ ಎಂಬ ಪ್ರಶ್ನೆಗೆ ವ್ಯಕ್ತಿಚರಿತ್ರೆಗಳಲ್ಲಿ ಉತ್ತರವಿಲ್ಲ. ಪುಸ್ತಕದ ಲೆಕ್ಕದಲ್ಲಿ ಸಮಾಜವಾದ ಚಿಗುರಬೇಕಾದದ್ದು ಕುಲುಮೆಯ ಊರಿನಲ್ಲಿ. ಚಿಗುರಿದ್ದು ಅಡಿಕೆ ತೋಟ ಮತ್ತು ಭತ್ತದ ಗದ್ದೆಗಳ ನಡುವೆ. ಇದಕ್ಕೆ ಕಾರಣ ನಾಯಕರ ಗುಣಸ್ವಭಾವದಲ್ಲಿಲ್ಲ, ದುಡಿಯುವವನ ಎದುರಿಗಿದ್ದ ಒಡೆಯ ಯಾರು ಎಂಬುದರಲ್ಲಿದೆ ಎನ್ನುವುದು ಈ ಲೇಖನದ ವಾದ. ಗದ್ದೆಯ ಒಡೆಯ ಖಾಸಗಿ ಮನುಷ್ಯನಾಗಿದ್ದ. ಅವನ ವಿರುದ್ಧ ಸರ್ಕಾರದ ಕಾನೂನನ್ನು ಕರೆಯಬಹುದಿತ್ತು. ಕಾರ್ಖಾನೆಯ ಒಡೆಯ ಸರ್ಕಾರವೇ ಆಗಿತ್ತು.

ಶಿವಮೊಗ್ಗ ಮತ್ತು ಭದ್ರಾವತಿ ಅಕ್ಕಪಕ್ಕದ ಊರುಗಳು, ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಒಂದು ತುಂಗೆಯ ದಂಡೆಯ ಮೇಲಿದೆ, ಇನ್ನೊಂದು ಭದ್ರೆಯ ದಂಡೆಯ ಮೇಲೆ. ಎರಡೂ ನದಿಗಳು ಕೂಡಲಿಯಲ್ಲಿ ಸೇರುತ್ತವೆ. ಎರಡು ಊರುಗಳ ಸಾರ್ವಜನಿಕ ಬದುಕು ಮಾತ್ರ ಅಷ್ಟು ಸುಲಭವಾಗಿ ಸೇರಲಿಲ್ಲ. ಶಿವಮೊಗ್ಗ ಜಿಲ್ಲಾ ಕಚೇರಿ, ನ್ಯಾಯಾಲಯ, ಜೈಲು, ಅಡಿಕೆ ಮಂಡಿಗಳ ಊರು. 1939ರಲ್ಲಿ ಹುಟ್ಟಿದ ಅಡಿಕೆ ಬೆಳೆಗಾರರ ಸಹಕಾರ ಸಂಘ ಮಾಮ್ಕೋಸ್ ಇಲ್ಲಿಯದು. ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ವ್ಯಾಜ್ಯ, ವ್ಯಾಪಾರ, ವಿದ್ಯಾಭ್ಯಾಸಗಳೆಲ್ಲ ಇಲ್ಲಿಗೆ ಬಂದು ತೀರುತ್ತಿದ್ದವು. ಬೆಂಕಿಪುರವೆಂಬ ಹಳೆಯ ಹೆಸರಿನ ಭದ್ರಾವತಿಯ ಸೃಷ್ಟಿಯೇ ಬೇರೆ. ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಯೋಜನೆಗೊಂಡು, ನ್ಯೂಯಾರ್ಕಿನ ಪೆರಿನ್–ಮಾರ್ಷಲ್ ಕಂಪನಿಯ ಸಲಹೆ ಪಡೆದು, 1923ರ ಜನವರಿಯಲ್ಲಿ ಊದುಕುಲುಮೆ ಹೊತ್ತಿಸಿದ ಮೈಸೂರು ಕಬ್ಬಿಣದ ಕಾರ್ಖಾನೆಯ ಸುತ್ತ ಬೆಳೆದ ಊರು ಅದು. ಅದಿರು ಕೆಮ್ಮಣ್ಣುಗುಂಡಿಯಿಂದ ಬಂದರೆ ಇದ್ದಿಲು ಮಲೆನಾಡಿನ ಕಾಡಿನಿಂದ. ಮುಂದೆ ಉಕ್ಕು, ಸಿಮೆಂಟು ಸೇರಿದವು. ಪಕ್ಕದಲ್ಲೇ ಕಾಗದದ ಕಾರ್ಖಾನೆ ಬಂತು. ದುಡಿಯಲು ಬಂದವರಲ್ಲಿ ಕನ್ನಡಿಗರ ಜೊತೆ ತಮಿಳರೂ ತೆಲುಗರೂ ಮಲಯಾಳಿಗಳೂ ಇದ್ದರು. ನ್ಯೂಟೌನಿನ ಕ್ವಾರ್ಟರ್ಸು, ಅದರ ನೀರು, ದೀಪ, ಆಸ್ಪತ್ರೆ ಎಲ್ಲಕ್ಕೂ ಯಜಮಾನ ಒಬ್ಬನೇ, ಮೈಸೂರು ಸರ್ಕಾರ.

ಕಾಲದ ಎಲ್ಲೆಯನ್ನು 1942ಕ್ಕೆ ಇಟ್ಟುಕೊಳ್ಳಲು ಕಾರಣ ಶಿಕಾರಿಪುರ ತಾಲ್ಲೂಕಿನ ಈಸೂರು. ಕ್ವಿಟ್ ಇಂಡಿಯಾ ಚಳವಳಿಯ ದಿನಗಳಲ್ಲಿ ಆ ಹಳ್ಳಿ ತನ್ನನ್ನು ತಾನು ಸ್ವತಂತ್ರವೆಂದು ಘೋಷಿಸಿಕೊಂಡಿತು. ಹುಡುಗರನ್ನೇ ಅಮಲ್ದಾರ, ಸಬ್‌ಇನ್‌ಸ್ಪೆಕ್ಟರ್ ಎಂದು ನೇಮಿಸಿ ಸರ್ಕಾರವನ್ನು ಅಣಕಿಸಿತು. ಸೆಪ್ಟೆಂಬರಿನಲ್ಲಿ ನಿಜವಾದ ಅಮಲ್ದಾರರೂ ಸಬ್‌ಇನ್‌ಸ್ಪೆಕ್ಟರರೂ ಹಳ್ಳಿಗೆ ಬಂದಾಗ ಘರ್ಷಣೆಯಾಗಿ ಇಬ್ಬರೂ ಸತ್ತರು. ಪ್ರತೀಕಾರವಾಗಿ ಹಳ್ಳಿ ಸೂರೆಹೋಯಿತು. 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರು ಗಲ್ಲಿಗೇರಿದರು. ಜಿಲ್ಲೆಯ ಕಾಂಗ್ರೆಸ್ಸಿಗೆ ಮುಂದಿನ ಹತ್ತು ವರ್ಷ ಇದರ ನೈತಿಕ ಬಲ ಸಾಕಷ್ಟಾಯಿತು. ಆದರೆ ಈಸೂರಿನ ಎದುರಾಳಿ ರಾಜ್ಯಾಧಿಕಾರ, ಒಳಗಿನ ಒಡೆಯನಲ್ಲ. ಗೇಣಿಯ ಮಾತು ಅಲ್ಲಿ ಎದ್ದಿರಲಿಲ್ಲ. ಆದ್ದರಿಂದಲೇ 1947ರ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರ ಬಂದಾಗ, ಗೇಣಿ ಕೊಡುವವನ ಪರವಾಗಿ ಮರುಗುವವರೂ ಗೇಣಿ ಪಡೆಯುವವರೂ ಒಂದೇ ಖಾದಿ ಟೋಪಿಯ ಕೆಳಗೆ ನೆಮ್ಮದಿಯಾಗಿ ಕೂರಬಹುದಾಗಿತ್ತು. ಆ ನೆಮ್ಮದಿ ಒಡೆದದ್ದು ಸಾಗರ ತಾಲ್ಲೂಕಿನ ಕಾಗೋಡು ಎಂಬ ಸಣ್ಣ ಹಳ್ಳಿಯಲ್ಲಿ, ಒಂದು ಅಳತೆಯ ಪಾತ್ರೆಯ ಜಗಳದಿಂದ.

ಆ ಪಾತ್ರೆ ಕೊಳಗ. ಗೇಣಿ ಭತ್ತವನ್ನು ಕಣದಲ್ಲಿ ಅಳೆದು ಕೊಡುವಾಗ ಯಾವ ಕೊಳಗದಲ್ಲಿ ಅಳೆಯಬೇಕು ಎಂಬುದೇ ಕಾಗೋಡಿನ ಪ್ರಶ್ನೆ. ಸರ್ಕಾರ ಒಪ್ಪಿದ ಅಳತೆ ಮೂರು ಸೇರಿನದು. ಒಡೆಯರ ಮನೆಯ ಕೊಳಗ ಅದಕ್ಕಿಂತ ದೊಡ್ಡದು. ಕಾಗದದಲ್ಲಿ ಗೇಣಿಯ ಪ್ರಮಾಣ ಹೆಚ್ಚಿಸದೆಯೇ ಕಣದಲ್ಲಿ ಹೆಚ್ಚಿಸುವ ಉಪಾಯ ಇದು. ಗೇಣಿಯ ಮೇಲೆ ಬಿಟ್ಟಿ ಚಾಕರಿ ಬೇರೆ. ಗೇಣಿದಾರರಲ್ಲಿ ಹೆಚ್ಚಿನವರು ದೀವರು, ಭೂಮಿಯ ಒಡೆಯರು ಲಿಂಗಾಯತರು. 1948ರಲ್ಲಿ ಗಣಪತಿಯಪ್ಪನವರ ಮುಂದಾಳುತನದಲ್ಲಿ ಸಾಗರ ತಾಲ್ಲೂಕು ರೈತ ಸಂಘ ಹುಟ್ಟಿ ಅಧಿಕೃತ ಕೊಳಗಕ್ಕೆ ಪಟ್ಟು ಹಿಡಿಯಿತು. ಒಡೆಯರು ಗದ್ದೆಯನ್ನೇ ಬಿಡಿಸಿಕೊಳ್ಳಲು ಹೊರಟರು. 1951ರ ಏಪ್ರಿಲ್ 18ರಂದು ಗೇಣಿದಾರರು ನೇಗಿಲು ಹೊತ್ತು ತಮ್ಮ ಹಳೆಯ ಗದ್ದೆಗಳಿಗೆ ಇಳಿದರು, ಬಂಧನಗಳು ಶುರುವಾದವು. ಸಮಾಜವಾದಿ ಪಕ್ಷ ಹೋರಾಟವನ್ನು ಕೈಗೆತ್ತಿಕೊಂಡಿತು. ಜೂನಿನಲ್ಲಿ ಅದರ ನಾಯಕ ರಾಮಮನೋಹರ ಲೋಹಿಯಾ ಬಂದು ತಾವೂ ಬಂಧನಕ್ಕೊಳಗಾದರು. ಬಿಡಿಯಾಗಿ ನೋಡಿದರೆ ಕೊಳಗದ ಜಗಳ ಅರೆ ಸೇರು ಭತ್ತದ ಜಗಳ. ಅದರ ಶಕ್ತಿ ಇದ್ದದ್ದೂ ಅದರಲ್ಲೇ. ಭೂಮಿಯ ಹಕ್ಕು ಯಾರದು ಎಂಬುದನ್ನು ವಕೀಲರು ವರ್ಷಗಟ್ಟಲೆ ಎಳೆಯಬಹುದು. ಕೊಳಗ ದೊಡ್ಡದೋ ಚಿಕ್ಕದೋ ಎಂಬುದು ಕಣದಲ್ಲಿ ನಿಂತ ಹೆಂಗಸಿಗೂ ಕಣ್ಣಳತೆಯಲ್ಲೇ ಗೊತ್ತಾಗುತ್ತದೆ.

ಕಾಗೋಡಿನ ಈ ಸತ್ಯಾಗ್ರಹ ತಕ್ಷಣಕ್ಕೆ ಗೆಲ್ಲಲಿಲ್ಲ. ಗದ್ದೆಗಳು ಗೇಣಿದಾರರ ಕೈಗೆ ಬರಲು ಎರಡು ದಶಕ ಹಿಡಿಯಿತು. ಆದರೆ ಕೆಲವೇ ತಿಂಗಳಲ್ಲಿ, 1952ರ ಆರಂಭದಲ್ಲಿ, ಮೊದಲ ಸಾರ್ವತ್ರಿಕ ಚುನಾವಣೆ ನಡೆಯಿತು. ಅದರ ಫಲಿತಾಂಶ ಇಡೀ ಯುಗದ ಜಾತಕದಂತಿದೆ. ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ ಕಾಂಗ್ರೆಸ್ 74 ಗೆದ್ದಿತು, ಕೆಂಗಲ್ ಹನುಮಂತಯ್ಯ ಮುಖ್ಯಮಂತ್ರಿಯಾದರು. ಶಿವಮೊಗ್ಗ ಲೋಕಸಭಾ ಕ್ಷೇತ್ರವನ್ನು ಗೆದ್ದವರು ಕಾಂಗ್ರೆಸ್ಸಿನ ಕೆ.ಜಿ. ಒಡೆಯರ್, ಕಾಗೋಡಿನ ಜಮೀನ್ದಾರರೇ. ಸಾಗರ–ಹೊಸನಗರ ವಿಧಾನಸಭಾ ಕ್ಷೇತ್ರವನ್ನು ಗೆದ್ದವರು ಆ ಸತ್ಯಾಗ್ರಹದಲ್ಲಿ ಮುಂದೆ ನಿಂತಿದ್ದ ತರುಣ ಸಮಾಜವಾದಿ ಶಾಂತವೇರಿ ಗೋಪಾಲಗೌಡ. ಒಂದೇ ಚುನಾವಣೆಯಲ್ಲಿ ಒಡೆಯರು ದೆಹಲಿಗೆ ಹೋದರು, ಗೇಣಿದಾರರ ದನಿ ಬೆಂಗಳೂರಿಗೆ ಹೋಯಿತು. ಕ್ಷೇತ್ರ ವಿಸ್ತಾರವಾದಷ್ಟೂ ಪಕ್ಷದ ಹೆಸರು ಗೆಲ್ಲುತ್ತದೆ, ಕ್ಷೇತ್ರ ಕಿರಿದಾಗಿ ಕಣದ ಹತ್ತಿರ ಬಂದಷ್ಟೂ ಗೇಣಿಯ ಪ್ರಶ್ನೆ ಗೆಲ್ಲುತ್ತದೆ ಎಂದು ಇದನ್ನು ಓದಬಹುದು. ಭೂಮಿಯ ಶಾಸನ ರಾಜ್ಯದ ಅಧಿಕಾರವ್ಯಾಪ್ತಿಗೆ ಸೇರಿದ್ದರಿಂದ ಗೇಣಿದಾರರಿಗೆ ಬೇಕಾಗಿದ್ದುದೂ ಬೆಂಗಳೂರಿನ ಕುರ್ಚಿಯೇ.

ಇದೇ ವರ್ಷಗಳ ಅಮೆರಿಕವನ್ನು ಪಕ್ಕದಲ್ಲಿಟ್ಟು ನೋಡಿದರೆ ಕಾಗೋಡಿನ ವೈಶಿಷ್ಟ್ಯ ಇನ್ನಷ್ಟು ತಿಳಿಯಾಗುತ್ತದೆ. ಅಲ್ಲಿ ನಾರ್ಮನ್ ಥಾಮಸ್ ಎಂಬ ಸಮಾಜವಾದಿ 1928ರಿಂದ 1948ರ ತನಕ ಸತತ ಆರು ಸಲ ಅಧ್ಯಕ್ಷ ಪದವಿಗೆ ಸ್ಪರ್ಧಿಸಿ ಆರೂ ಸಲ ಸೋತರು. ಅತ್ಯುತ್ತಮ ಸಾಧನೆಯೆಂದರೆ 1932ರಲ್ಲಿ ನೂರಕ್ಕೆ ಎರಡಕ್ಕೆ ತುಸು ಮೇಲಿನ ಮತ. ಆದರೆ ಮುದುಕರ ಪಿಂಚಣಿ, ನಿರುದ್ಯೋಗ ವಿಮೆಯಂಥ ಅವರ ಪಕ್ಷದ ಬೇಡಿಕೆಗಳನ್ನು ಫ್ರಾಂಕ್ಲಿನ್ ರೂಸ್‌ವೆಲ್ಟ್ ಶಾಸನ ಮಾಡಿದರು. ರೂಸ್‌ವೆಲ್ಟರ ಕೃಷಿ ನೀತಿಯಿಂದ ಒಕ್ಕಲೆಬ್ಬಿಸಲ್ಪಟ್ಟ ಅರ್ಕನ್ಸಾಸಿನ ಹತ್ತಿ ಗೇಣಿದಾರರು, ಕರಿಯರೂ ಬಿಳಿಯರೂ ಕೂಡಿ, 1934ರಲ್ಲಿ ಕಟ್ಟಿದ ಸಂಘದ ಬೆನ್ನಿಗೆ ನಿಂತವರೂ ಇದೇ ಥಾಮಸ್. ಆ ಗೇಣಿದಾರರ ಸಂಕಟ ಕಾಗೋಡಿನವರದಕ್ಕಿಂತ ಬಹಳ ಬೇರೆಯಲ್ಲ. ಬೇರೆಯಾದದ್ದು ಮತ. ಅರ್ಕನ್ಸಾಸಿನಲ್ಲಿ ಮತ ಹಾಕಲು ತಲೆಗಂದಾಯ ಕಟ್ಟಬೇಕಿತ್ತು. ದಕ್ಷಿಣದ ಕರಿಯರ ಮತದಾನದ ಹಕ್ಕಿಗೆ ಗಟ್ಟಿ ರಕ್ಷಣೆ ಸಿಕ್ಕಿದ್ದು 1965ರ ಕಾನೂನಿನಿಂದ. ಕಾಗೋಡಿನ ಗೇಣಿದಾರನಿಗೆ, ಅವನ ಹೆಂಡತಿಗೆ, 1952ರಲ್ಲೇ ಮತವಿತ್ತು, ಅದಕ್ಕೆ ಸುಂಕವಿರಲಿಲ್ಲ. ಥಾಮಸ್ ಹೊರಗೆ ನಿಂತು ಕೇಳಿದ ಪ್ರಶ್ನೆಯನ್ನು ಗೋಪಾಲಗೌಡರು ಸದನದ ಒಳಗೆ ನಿಂತು ಕೇಳಲು ಸಾಧ್ಯವಾದದ್ದು ಇದರಿಂದ.

ಹೋಲಿಕೆ ಲೇಖಕನ ಕೈಚಳಕ ಮಾತ್ರವೆಂದು ತಿಳಿಯಬೇಕಿಲ್ಲ. ಎರಡು ಕಡೆಗೂ ನಡೆದಾಡಿದ ಮನುಷ್ಯನೊಬ್ಬನಿದ್ದ. ಕಾಗೋಡಿನಲ್ಲಿ ಬಂಧನವಾದ ಅದೇ 1951ರಲ್ಲಿ ಲೋಹಿಯಾ ಅಮೆರಿಕ ಪ್ರವಾಸ ಮಾಡಿದರು, ಐನ್‌ಸ್ಟೈನರನ್ನು ಕಂಡರು, ಕರಿಯ ವಿದ್ಯಾರ್ಥಿಗಳ ಮುಂದೆ ಸವಿನಯ ಕಾನೂನುಭಂಗದ ಮಾತಾಡಿದರು. ಆ ಪ್ರವಾಸದಲ್ಲಿ ಜೊತೆಗಿದ್ದು ಅದರ ಬಗ್ಗೆ ಪುಸ್ತಕ ಬರೆದ ತರುಣ ಹ್ಯಾರಿಸ್ ವಾಫರ್ಡ್ 1960ರಲ್ಲಿ ಜಾನ್ ಕೆನಡಿಯವರ ಚುನಾವಣಾ ತಂಡದಲ್ಲಿ ನಾಗರಿಕ ಹಕ್ಕುಗಳ ಕೆಲಸ ನೋಡಿಕೊಳ್ಳುತ್ತಿದ್ದರು. ಮಾರ್ಟಿನ್ ಲೂಥರ್ ಕಿಂಗ್ ಜೈಲಿನಲ್ಲಿದ್ದಾಗ ಅವರ ಹೆಂಡತಿಗೆ ಕೆನಡಿ ಮಾಡಿದ ಪ್ರಸಿದ್ಧ ದೂರವಾಣಿ ಕರೆಯ ಹಿಂದೆ ವಾಫರ್ಡರ ಸಲಹೆಯಿತ್ತು. 1964ರಲ್ಲಿ ಲೋಹಿಯಾ ಮತ್ತೆ ಹೋಗಿ, ಮಿಸಿಸಿಪಿಯ ಜಾಕ್ಸನ್ನಿನ ಬಿಳಿಯರ ಹೋಟೆಲೊಂದರ ಬಾಗಿಲಲ್ಲಿ ಬಂಧನಕ್ಕೊಳಗಾದರು. ಕಾಗೋಡಿನ ಬಂಧನದಿಂದ ಕೆನಡಿಯ ಗೆಲುವಿಗೆ ನೇರ ಗೆರೆ ಎಳೆಯುವುದು ಬಾಲಿಶ. ಮಲೆನಾಡಿನ ಗದ್ದೆಯ ಜಗಳ ಆ ಕಾಲದ ಲೋಕದ ಜಗಳಗಳ ನೆಂಟ ಎಂಬುದಷ್ಟು ಇದರಿಂದ ಸಿದ್ಧವಾಗುತ್ತದೆ.

ಈ ಲೇಖನದ ವಾದಕ್ಕೆ ಬರುವ ಮೊದಲ ಆಕ್ಷೇಪಣೆ ಗಟ್ಟಿಯಾದದ್ದು. ಕಾನೂನು ಮಾಡಿದವರು ಸಮಾಜವಾದಿಗಳಲ್ಲ, ಕಾಂಗ್ರೆಸ್ಸಿಗರು. ಅದರಲ್ಲೂ ಇದೇ ಜಿಲ್ಲೆಯ ತೀರ್ಥಹಳ್ಳಿ ಸೀಮೆಯ ಕಡಿದಾಳ್ ಮಂಜಪ್ಪನವರು. ಹನುಮಂತಯ್ಯನವರ ಸಂಪುಟದ ಕಂದಾಯ ಮಂತ್ರಿಯಾಗಿ ಅವರ ಕಾಲದಲ್ಲಿ 1952ರ ಗೇಣಿ ಶಾಸನ, 1954 ಮತ್ತು 1955ರ ಇನಾಂ ರದ್ದತಿ ಶಾಸನಗಳು ಬಂದವು. ಇನಾಂ ರದ್ದತಿ ಸಣ್ಣ ಕೆಲಸವಲ್ಲ: ಅರಸರಿಂದ ದೇವಸ್ಥಾನಕ್ಕೂ ಮಠಕ್ಕೂ ವ್ಯಕ್ತಿಗಳಿಗೂ ಬಂದ ಭೂಮಿಯ ಮೇಲೆ ತಲೆತಲಾಂತರ ದುಡಿದವನಿಗೂ ಸರ್ಕಾರಕ್ಕೂ ನಡುವೆ ನಿಂತಿದ್ದವನನ್ನು ಅದು ತೆಗೆಯಿತು. ಮಂಜಪ್ಪನವರದು ಮೆಲುಮಾತಿನ, ಕೈ ಶುದ್ಧವಾದ ರಾಜಕಾರಣ. ಕಾದಂಬರಿ ಬರೆದ ಮುಖ್ಯಮಂತ್ರಿ ಎಂಬ ವಿರಳ ಹೆಗ್ಗಳಿಕೆಯೂ ಅವರದು. 1956ರ ಆಗಸ್ಟ್ 19ರಂದು ಹನುಮಂತಯ್ಯನವರ ನಂತರ ಮುಖ್ಯಮಂತ್ರಿಯಾಗಿ ಅಕ್ಟೋಬರ್ 31ರ ತನಕ, ಹಳೆಯ ಮೈಸೂರು ರಾಜ್ಯದ ಕೊನೆಯ ದಿನದವರೆಗೆ, ಅವರು ಅಧಿಕಾರದಲ್ಲಿದ್ದರು. ಮರುದಿನ ಏಕೀಕೃತ ರಾಜ್ಯ ಹುಟ್ಟಿತು, ಎಸ್. ನಿಜಲಿಂಗಪ್ಪನವರ ಕೈಗೆ ಹೋಯಿತು. ಅಮೆರಿಕದಲ್ಲಿ ಅಧ್ಯಕ್ಷನನ್ನು ನಾಲ್ಕು ವರ್ಷದ ನಡುವೆ ಕದಲಿಸುವುದು ಅಸಾಧ್ಯಕ್ಕೆ ಸಮ; ನಮ್ಮಲ್ಲಿ ಮುಖ್ಯಮಂತ್ರಿಯನ್ನು ಮಾಡುವುದೂ ಇಳಿಸುವುದೂ ಶಾಸಕಾಂಗ ಪಕ್ಷದ ಒಂದು ಮಧ್ಯಾಹ್ನದ ಸಭೆ. ಮಂಜಪ್ಪನವರಿಗೆ ಜನಬೆಂಬಲ ಕಡಿಮೆಯಾಯಿತೆಂದು ಹೋದದ್ದಲ್ಲ, ರಾಜ್ಯದ ಗಾತ್ರ ಬದಲಾಯಿತೆಂದು ಹೋದದ್ದು. ತಮ್ಮ ಆತ್ಮಕಥೆಗೆ ಅವರಿಟ್ಟ ಹೆಸರು ‘ನನಸಾಗದ ಕನಸು’.

ಹಾಗಾದರೆ ಕೀರ್ತಿ ಯಾರಿಗೆ? ಮಂಜಪ್ಪನವರಿಗೆ ಸಲ್ಲಬೇಕಾದದ್ದನ್ನು ಕಿತ್ತುಕೊಳ್ಳದೆಯೇ, ಮುಂದೆ ನಡೆದದ್ದನ್ನು ನೋಡಬೇಕು. ಏಕೀಕರಣದ ನಂತರ ಬಿ.ಡಿ. ಜತ್ತಿಯವರ ಅಧ್ಯಕ್ಷತೆಯ ಸಮಿತಿ ಭೂ ಶಾಸನವನ್ನು ಪರಿಶೀಲಿಸಿತು. ಬಹುಕಾಲದ ಚರ್ಚೆಯ ಬಳಿಕ ಬಂದ 1961ರ ಭೂ ಸುಧಾರಣಾ ಕಾಯಿದೆ ಜಾರಿಯಾದದ್ದು 1965ರ ಅಕ್ಟೋಬರ್ 2ರಿಂದ. ಸ್ವಂತ ಸಾಗುವಳಿಗೆಂದು ಒಡೆಯ ಭೂಮಿ ಬಿಡಿಸಿಕೊಳ್ಳಲು ಅದರಲ್ಲಿ ದಾರಿಯಿತ್ತು. ಕಾಯಿದೆ ಬರುತ್ತದೆ ಬರುತ್ತದೆ ಎಂದು ವರ್ಷಗಟ್ಟಲೆ ಡಂಗುರ ಹೊಡೆದು ತಡವಾಗಿ ತಂದರೆ ಏನಾಗಬೇಕೋ ಅದೇ ಆಯಿತು: ಆ ನಡುವಿನ ಕಾಲದಲ್ಲಿ ಒಕ್ಕಲು ಬಿಡಿಸುವ ಕೆಲಸ ಸದ್ದಿಲ್ಲದೆ ನಡೆಯಿತು, ಗೇಣಿದಾರ ‘ಸ್ವಇಚ್ಛೆಯಿಂದ’ ಗದ್ದೆ ಬಿಟ್ಟುಕೊಟ್ಟನೆಂದು ಕಾಗದಗಳಾದವು. ಪಹಣಿಯಲ್ಲಿ ಹೆಸರಿಲ್ಲದವನ ಬಳಿ ಅಲ್ಲವೆನ್ನಲು ಆಧಾರವೇನಿತ್ತು? ಕೀರ್ತಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಆಳುವ ಪಕ್ಷದೊಳಗೆ ಒಳ್ಳೆಯ ಮಂತ್ರಿಯಿದ್ದ ಮಾತ್ರಕ್ಕೆ ಕಾನೂನು ಹರಿತವಾಗುವುದಿಲ್ಲ. ಅದೇ ಪಕ್ಷದ ಒಳಗೇ ಗೇಣಿ ಪಡೆಯುವವರು ಕೂತಿದ್ದರು. ಕಾಗೋಡಿನ ಬಿಸಿ ಆರದಿದ್ದಾಗ ಬಂದ ಶಾಸನಗಳಿಗೂ ಅದು ಆರಿದ ಮೇಲೆ ಬಂದ ಶಾಸನಕ್ಕೂ ಇರುವ ವ್ಯತ್ಯಾಸ ಹೊರಗಿನ ಒತ್ತಡದ ಬೆಲೆಯನ್ನು ತೋರಿಸುತ್ತದೆ.

ಆ ಒತ್ತಡವನ್ನು ಸದನದಲ್ಲಿ ಉಳಿಸಿಕೊಂಡವರು ಗೋಪಾಲಗೌಡರು. 1923ರ ಮಾರ್ಚ್ 14ರಂದು ಆರಗದ ಬಳಿಯ ಶಾಂತವೇರಿಯಲ್ಲಿ ಹುಟ್ಟಿ, ವಿದ್ಯಾರ್ಥಿಯಾಗಿ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲು ಕಂಡು, 1957ರಲ್ಲಿ ಸೋತು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದು, 1972ರ ಜೂನ್ 9ರಂದು ಐವತ್ತು ತುಂಬುವ ಮೊದಲೇ ತೀರಿಕೊಂಡರು. ಚುನಾವಣೆಗೆ ನಿಂತಾಗ ಮತದಾರನಿಂದ ಒಂದು ವೋಟಿನ ಜೊತೆ ಒಂದು ರೂಪಾಯಿ ನೋಟನ್ನೂ ಕೇಳುತ್ತಿದ್ದರು. ಇದನ್ನು ಬಡತನದ ಗುರುತೆಂದು ಹಾಡಿ ಹೊಗಳುವುದುಂಟು. ಅದರ ಲೆಕ್ಕಾಚಾರವನ್ನು ಗಮನಿಸುವವರು ಕಡಿಮೆ. ಒಡೆಯನ ದುಡ್ಡಿನಿಂದ ಗೆದ್ದವನು ಒಡೆಯನಿಗೆ ಉತ್ತರ ಹೇಳಬೇಕಾಗುತ್ತದೆ. ರೂಪಾಯಿ ಕೊಟ್ಟ ಗೇಣಿದಾರ ತನ್ನ ಶಾಸಕನನ್ನು ಗದರಿಸಿ ಕೇಳುವ ಹಕ್ಕನ್ನೂ ಕೊಂಡುಕೊಳ್ಳುತ್ತಾನೆ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಿಡಬೇಕೆಂದು ಅವರು ವಾದಿಸುತ್ತ ಬಂದರು. 1973ರ ನವೆಂಬರ್ 1ರಂದು ಅದು ಆಯಿತು, ನೋಡಲು ಅವರಿರಲಿಲ್ಲ. ಮಂತ್ರಿಗಿರಿ ಎಂದೂ ಹಿಡಿಯಲಿಲ್ಲ. ಯು.ಆರ್. ಅನಂತಮೂರ್ತಿಯವರ ‘ಅವಸ್ಥೆ’ಯ ಕೃಷ್ಣಪ್ಪಗೌಡನಲ್ಲಿ ಅವರ ಛಾಯೆಯಿದೆ, ಆ ಕಾದಂಬರಿಯಿಂದಾಗಿ ಅವರನ್ನು ದುರಂತ ನಾಯಕನೆಂದು ಕಾಣುವ ರೂಢಿ ಬಲಿತಿದೆ. ಶಾಸನಸಭೆಯ ಲೆಕ್ಕದಲ್ಲಿ ನೋಡಿದರೆ ಅವರು ದುರಂತವಲ್ಲ. ಮುಂದೆ ಬಂದ ಕಾನೂನಿನ ಮೊದಲ ಕರಡು ಅವರ ಭಾಷಣಗಳಲ್ಲಿತ್ತು.

ಎರಡನೆಯ ಆಕ್ಷೇಪಣೆ ಜಾತಿಯದು. ಇದು ವಿಚಾರದ ರಾಜಕಾರಣವೇ ಅಲ್ಲ. ದೀವರು ಲಿಂಗಾಯತರ ವಿರುದ್ಧ, ಒಕ್ಕಲಿಗರು ಬ್ರಾಹ್ಮಣರ ವಿರುದ್ಧ ನಡೆಸಿದ ಜಾತಿ ಲೆಕ್ಕಕ್ಕೆ ಸಮಾಜವಾದದ ಬಣ್ಣ ಹಚ್ಚಿದ್ದು ಎನ್ನುವವರಿದ್ದಾರೆ. ಇದರಲ್ಲಿ ಅರ್ಧ ಸತ್ಯವಿದೆ. ಮಲೆನಾಡಿನಲ್ಲಿ ಗೇಣಿಯ ಗೆರೆಯೂ ಜಾತಿಯ ಗೆರೆಯೂ ಬಹುಮಟ್ಟಿಗೆ ಒಂದರ ಮೇಲೊಂದು ಬಿದ್ದಿದ್ದವು, ಆದ್ದರಿಂದ ಒಂದನ್ನು ತುಳಿದರೆ ಇನ್ನೊಂದನ್ನೂ ತುಳಿದಂತೆ. ಆದರೆ ಬರಿಯ ಜಾತಿ ಲೆಕ್ಕವಾಗಿದ್ದರೆ ದೀವರು ಹೆಚ್ಚಾಗಿರುವ ಸಾಗರ–ಹೊಸನಗರದಲ್ಲಿ ತೀರ್ಥಹಳ್ಳಿ ಕಡೆಯ ಒಕ್ಕಲಿಗ ಹುಡುಗ 1952ರಲ್ಲಿ ಗೆಲ್ಲಬೇಕಿರಲಿಲ್ಲ. 1967ರಲ್ಲಿ ಸಂಯುಕ್ತ ಸಮಾಜವಾದಿ ಪಕ್ಷದಿಂದ ಶಿವಮೊಗ್ಗ ಲೋಕಸಭಾ ಕ್ಷೇತ್ರ ಗೆದ್ದು, ಲೋಕಸಭೆಯಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತಾಡಿದ ಜೆ.ಎಚ್. ಪಟೇಲರು ಆಗ ಇದೇ ಜಿಲ್ಲೆಗೆ ಸೇರಿದ್ದ ಚನ್ನಗಿರಿ ತಾಲ್ಲೂಕಿನ ಲಿಂಗಾಯತರು. ಉಳಿದ ಅರ್ಧ ಸತ್ಯ ಹೆಚ್ಚು ಚುಚ್ಚುವಂಥದ್ದು, ಮತ್ತು ಅದನ್ನು ಈ ಚಳವಳಿಯ ಅಭಿಮಾನಿಗಳು ಹೇಳುವುದು ಅಪರೂಪ: ‘ಉಳುವವನೇ ಹೊಲದೊಡೆಯ’ ಎಂಬ ಮಾತಿನಲ್ಲಿ ಉಳುವವನೆಂದರೆ ಗೇಣಿ ಚೀಟಿಯವನು. ಅವನ ಗದ್ದೆಯಲ್ಲಿ ಕೂಲಿಗೆ ನಾಟಿ ಮಾಡಿದ ದಲಿತ ಹೆಂಗಸು ಆ ಮಾತಿನೊಳಗೆ ಬರಲೇ ಇಲ್ಲ. ಗೇಣಿದಾರ ಒಡೆಯನಾದ ಮೇಲೆ ಅವಳಿಗೆ ಒಡೆಯ ಬದಲಾದ, ಅಷ್ಟೆ.

ಈಗ ಭದ್ರಾವತಿಗೆ. 1942ರ ಚಳವಳಿಯಲ್ಲಿ ಇಲ್ಲಿನ ಕಾರ್ಮಿಕರೂ ಮುಷ್ಕರ ಹೂಡಿದ್ದವರು. ಸಂಘಟನೆಯ ಬಲ, ಸಂಖ್ಯೆಯ ಬಲ, ಓದುಬರಹ ಯಾವುದರಲ್ಲೂ ಕಾಗೋಡಿನ ಗೇಣಿದಾರರಿಗಿಂತ ಹಿಂದಿರಲಿಲ್ಲ. ಕಾರ್ಮಿಕ ಸಂಘದ ಚುನಾವಣೆ ಬಂತೆಂದರೆ ಊರು ವಿಧಾನಸಭೆಯ ಚುನಾವಣೆಯಷ್ಟೇ ಬಿಸಿಯಾಗುತ್ತಿತ್ತು, ವಿರೋಧ ಪಕ್ಷದವರು ಇಲ್ಲಿಂದ ಶಾಸಕರಾದದ್ದೂ ಉಂಟು. ಕೊರತೆಯಿದ್ದದ್ದು ಮೂರನೆಯವನದು. ಕಾಗೋಡಿನಲ್ಲಿ ಒಡೆಯ, ಗೇಣಿದಾರ, ಸರ್ಕಾರ ಎಂಬ ಮೂವರಿದ್ದರು. ಗೇಣಿದಾರ ಒಡೆಯನ ಮೇಲೆ ಸರ್ಕಾರಕ್ಕೆ ದೂರು ಕೊಡಬಹುದಿತ್ತು, ಸರ್ಕಾರ ಕೇಳದಿದ್ದರೆ ಅದನ್ನು ಸದನದಲ್ಲಿ ನಾಚಿಸಬಹುದಿತ್ತು. ಭದ್ರಾವತಿಯಲ್ಲಿ ಇಬ್ಬರೇ. ಕಬ್ಬಿಣದ ಕಾರ್ಖಾನೆ 1962ರಲ್ಲಿ ಕಂಪನಿಯಾಗಿ ನೋಂದಣಿಯಾಗುವ ತನಕ ಸರ್ಕಾರದ ಇಲಾಖೆಯಂತೆಯೇ ನಡೆಯಿತು. ಆಮೇಲೂ ಷೇರು ಸರ್ಕಾರದ ಕೈಯಲ್ಲೇ. ಸಂಬಳ ಕೊಡುವವನೂ, ಸಂಬಳದ ವ್ಯಾಜ್ಯ ತೀರ್ಮಾನಿಸುವವನೂ, ಮುಷ್ಕರಕ್ಕೆ ಪೊಲೀಸರನ್ನು ಕಳಿಸುವವನೂ, ನಷ್ಟವಾದರೆ ಬೊಕ್ಕಸದಿಂದ ತುಂಬಿಸಿಕೊಡುವವನೂ ಒಬ್ಬನೇ. ಜೊತೆಗೆ ಆ ಕಾರ್ಖಾನೆಗೆ ವಿಶ್ವೇಶ್ವರಯ್ಯನವರ ಹೆಸರಿನ, ನಾಡಿನ ಹೆಮ್ಮೆಯ ಕವಚವಿತ್ತು. ಅದರ ವಿರುದ್ಧ ಘೋಷಣೆ ಕೂಗುವುದು ಮನೆದೇವರ ಮೇಲೆ ದೂರು ಹೇಳಿದಂತೆ. ಹೀಗಾಗಿ ಇಲ್ಲಿನ ನಾಯಕ ಮನವಿ ಹಿಡಿದು ವಿಧಾನಸೌಧದ ಮೆಟ್ಟಿಲು ಹತ್ತುವವನಾದ. ಮಂತ್ರಿಯ ಪಕ್ಷದವನಾದರೆ ಬಾಗಿಲು ಬೇಗ ತೆರೆಯುತ್ತಿತ್ತು, ಆದ್ದರಿಂದ ಮಂತ್ರಿಯ ಪಕ್ಷದವನಾಗುವುದೇ ಬುದ್ಧಿವಂತಿಕೆಯಾಯಿತು.

1952ರ ಅಮೆರಿಕದಲ್ಲಿ ಇದರ ಕನ್ನಡಿ ಬಿಂಬದಂಥ ಪ್ರಸಂಗ ನಡೆಯಿತು. ಕೊರಿಯಾ ಯುದ್ಧದ ನಡುವೆ ಉಕ್ಕಿನ ಕಾರ್ಮಿಕರ ಮುಷ್ಕರ ತಪ್ಪಿಸಲು ಅಧ್ಯಕ್ಷ ಹ್ಯಾರಿ ಟ್ರೂಮನ್ ಏಪ್ರಿಲ್ 8ರಂದು ದೇಶದ ಖಾಸಗಿ ಉಕ್ಕಿನ ಕಾರ್ಖಾನೆಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡರು. ಅಧ್ಯಕ್ಷನಿಗೆ ಹಾಗೆ ಮಾಡುವ ಅಧಿಕಾರವಿಲ್ಲವೆಂದು ಸುಪ್ರೀಂ ಕೋರ್ಟು ಜೂನ್ 2ರಂದು ತೀರ್ಪಿತ್ತಿತು; ಕಾರ್ಖಾನೆಗಳು ಮಾಲೀಕರ ಕೈಗೆ ಮರಳಿದವು, ಕಾರ್ಮಿಕರು ಮುಷ್ಕರ ಹೂಡಿದರು. ಟ್ರೂಮನ್ ಎರಡು ತಿಂಗಳು ಕೂಡ ಹಿಡಿದಿಟ್ಟುಕೊಳ್ಳಲಾಗದ ಸ್ಥಾನದಲ್ಲಿ ಮೈಸೂರು ಸರ್ಕಾರ ಮೂರು ದಶಕದಿಂದ ಕೂತಿತ್ತು. ಅಮೆರಿಕದ ಉಕ್ಕಿನ ಕಾರ್ಮಿಕನಿಗೆ ಅಧ್ಯಕ್ಷ ತನ್ನ ಪರ ನಿಲ್ಲಬಹುದಾದ ಮೂರನೆಯವನು. ಭದ್ರಾವತಿಯವನಿಗೆ ಮುಖ್ಯಮಂತ್ರಿಯೇ ಮಾಲೀಕ. ಸರ್ಕಾರಿ ಒಡೆತನದಿಂದ ಭದ್ರಾವತಿಯ ಕಾರ್ಮಿಕ ಕೆಟ್ಟ ಎಂದು ಇದರ ಅರ್ಥವಲ್ಲ. ಕ್ವಾರ್ಟರ್ಸು, ಆಸ್ಪತ್ರೆ, ಮಕ್ಕಳ ಶಾಲೆ, ಕಾಯಂ ಕೆಲಸ: ಗೇಣಿದಾರ ಕನಸಿನಲ್ಲೂ ಕಾಣದ್ದು ಅವನಿಗೆ ಸಿಕ್ಕಿತು. ಹೊಟ್ಟೆಗೆ ಸಿಕ್ಕಿದ್ದು ಹೆಚ್ಚು, ರಾಜಕಾರಣಕ್ಕೆ ಉಳಿದದ್ದು ಕಡಿಮೆ.

ಒಡೆಯ ಸರ್ಕಾರವೇ ಆದಾಗ ಏನಾಗುತ್ತದೆ ಎಂಬುದಕ್ಕೆ ಇನ್ನೂ ಕಹಿಯಾದ ಸಾಕ್ಷ್ಯ ಶರಾವತಿ ಕೊಳ್ಳದಲ್ಲಿದೆ. ಜೋಗದ ವಿದ್ಯುತ್ತು 1948ರಿಂದ ಹರಿಯತೊಡಗಿತು, ಭದ್ರಾವತಿಯ ವಿದ್ಯುತ್ ಕುಲುಮೆಗಳಿಗೆ ಬಲ ಬಂತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಸಾಗರ, ಹೊಸನಗರ ತಾಲ್ಲೂಕುಗಳ ಊರೂರೇ ನೀರಿಗೆ ಹೋದವು. ಮುಳುಗಿದವರಲ್ಲಿ 1952ರಲ್ಲಿ ಗೋಪಾಲಗೌಡರಿಗೆ ಮತ ಹಾಕಿದ ಸೀಮೆಯವರೇ ಇದ್ದರು. ಲಾರಿಗಳಲ್ಲಿ ತಂದು ಕಾಡಂಚಿನಲ್ಲಿ ಇಳಿಸಿದ ಆ ಕುಟುಂಬಗಳ ಭೂಮಿಯ ದಾಖಲೆಯ ತೊಡಕು ಮುಂದಿನ ತಲೆಮಾರುಗಳಿಗೂ ಬಳುವಳಿಯಾಗಿ ಬಂತು. ಒಂದು ಕೊಳಗ ಭತ್ತಕ್ಕೆ ಸಿಡಿದೆದ್ದ ಸೀಮೆ ಇಡೀ ಊರು ಮುಳುಗುವಾಗ ಆ ಪ್ರಮಾಣದಲ್ಲಿ ಏಳಲಿಲ್ಲ. ಜನರ ಕೆಚ್ಚು ಹದಿಮೂರು ವರ್ಷಗಳಲ್ಲಿ ಬತ್ತಿಹೋಯಿತೆನ್ನುವುದು ನಂಬುವ ಮಾತಲ್ಲ. ಒಡೆಯನ ಕೊಳಗ ಅನ್ಯಾಯವೆಂದು ಹೇಳಲು ಸರ್ಕಾರದ ಕೊಳಗ ಅಳತೆಗೋಲಾಗಿ ಇತ್ತು. ಸರ್ಕಾರದ ಅಣೆಕಟ್ಟು ಅನ್ಯಾಯವೆಂದು ಹೇಳಲು ಆ ಕಾಲದಲ್ಲಿ ಯಾರ ಬಳಿಯೂ ಅಳತೆಗೋಲಿರಲಿಲ್ಲ, ಸಮಾಜವಾದಿಗಳ ಬಳಿಯೂ.

ಗೇಣಿಯ ಕತೆ ಮುಗಿದದ್ದು 1970ರ ದಶಕದಲ್ಲಿ. 1972ರ ಚುನಾವಣೆಯಲ್ಲಿ ಇಂದಿರಾ ಗಾಂಧಿ, ದೇವರಾಜ ಅರಸರ ಅಲೆ ರಾಜ್ಯವನ್ನೆಲ್ಲ ಕೊಚ್ಚಿಕೊಂಡು ಹೋದಾಗಲೂ ಸೊರಬದಿಂದ ಬಂಗಾರಪ್ಪ, ಸಾಗರದಿಂದ ಕಾಗೋಡು ತಿಮ್ಮಪ್ಪ, ತೀರ್ಥಹಳ್ಳಿಯಿಂದ ಕೋಣಂದೂರು ಲಿಂಗಪ್ಪ ಸಮಾಜವಾದಿಗಳಾಗಿಯೇ ಗೆದ್ದರು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ, ಭೂ ಸುಧಾರಣಾ ಕಾಯಿದೆಗೆ ಮುಖ್ಯಮಂತ್ರಿ ಅರಸರು ತಂದ ತಿದ್ದುಪಡಿ ಗೇಣಿ ಪದ್ಧತಿಯನ್ನೇ ರದ್ದು ಮಾಡಿತು. ಗೇಣಿದಾರ ‘ಡಿಕ್ಲರೇಷನ್’ ಹಾಕಿದರೆ ಭೂ ನ್ಯಾಯಮಂಡಳಿ ತೀರ್ಮಾನಿಸುತ್ತಿತ್ತು, ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಇದು ಮೇಲಿನಿಂದ ಬಂದ ವರ, ಅರಸರದೇ ದಾನ, ಇದರಲ್ಲಿ ಶಿವಮೊಗ್ಗದ ಪಾಲೇನು ಎಂಬುದು ಮೂರನೆಯ ಆಕ್ಷೇಪಣೆ. ಅರಸರ ದಿಟ್ಟತನವನ್ನು ಅಲ್ಲಗಳೆಯಬೇಕಿಲ್ಲ. ಆದರೆ ಅರ್ಜಿ ಹಾಕಲು ಗೇಣಿದಾರನಿಗೆ ಮೊದಲು ಒಡೆಯನ ಭಯ ಬಿಡಬೇಕು. ಕಾನೂನು ಇಡೀ ರಾಜ್ಯಕ್ಕೆ ಒಂದೇ ಆಗಿದ್ದರೂ ಅದರ ಫಲ ಕರಾವಳಿ ಮತ್ತು ಮಲೆನಾಡಿನಲ್ಲಿ ಹೆಚ್ಚಾಗಿ ಕಂಡದ್ದಕ್ಕೆ ಗೇಣಿ ಅಲ್ಲಿ ದಟ್ಟವಾಗಿದ್ದದ್ದು ಒಂದು ಕಾರಣ, ಹೆದರಿಕೆ ಮೊದಲೇ ಕಳೆದಿದ್ದದ್ದು ಇನ್ನೊಂದು. ಗೇಣಿಯ ಒಡೆಯ ಇಲ್ಲವಾದ ಮೇಲೆ ಅವನನ್ನು ಎದುರಿಸಲು ಹುಟ್ಟಿದ್ದ ಪಕ್ಷಕ್ಕೂ ಕೆಲಸ ಉಳಿಯಲಿಲ್ಲ. ಬಂಗಾರಪ್ಪನವರೂ ತಿಮ್ಮಪ್ಪನವರೂ ಮುಂದೆ ಕಾಂಗ್ರೆಸ್ಸಿಗೆ ನಡೆದರು. ಇದನ್ನು ಪಕ್ಷಾಂತರವೆಂದು ಬೈಯುವುದಕ್ಕಿಂತ, ಎದುರಾಳಿ ತೀರಿಕೊಂಡ ಮೇಲಿನ ಮನೆ ಬದಲಾವಣೆಯೆಂದು ನೋಡುವುದು ನಿಜಕ್ಕೆ ಹತ್ತಿರ.

ಕೊನೆಯದೊಂದು ತಕರಾರು ಉಳಿಯುತ್ತದೆ. ಸರ್ಕಾರವೇ ಒಡೆಯನಾದರೆ ಪ್ರತಿರೋಧ ಮೂಡದು ಎನ್ನುವುದಾದರೆ, 1980ರಲ್ಲಿ ಎಚ್.ಎಸ್. ರುದ್ರಪ್ಪ, ಕಡಿದಾಳು ಶಾಮಣ್ಣ, ಎನ್.ಡಿ. ಸುಂದರೇಶರ ರೈತ ಸಂಘ ಇದೇ ಶಿವಮೊಗ್ಗದಿಂದ ಎದ್ದು ಸರ್ಕಾರದ ಲೆವಿಯನ್ನೂ ಸಾಲ ವಸೂಲಿಯನ್ನೂ ಹೇಗೆ ತಡೆಯಿತು? ಭದ್ರಾ ಅಣೆಕಟ್ಟೆಯ ನೀರುಂಡ ಈ ರೈತನ ಎದುರಾಳಿ ಸರ್ಕಾರವೇ ಅಲ್ಲವೇ? ಹೌದು, ಆದರೆ ಸರ್ಕಾರ ಅವನಿಗೆ ಸಾಲ ಕೊಟ್ಟವನು, ಒಡೆಯನಲ್ಲ. ಕಾಲ ಕೆಳಗಿನ ಗದ್ದೆ ಅವನದು. ಅದನ್ನು ವರ್ಗಾವಣೆ ಮಾಡಲಾಗದು, ಅದರಿಂದ ಅವನನ್ನು ಅಮಾನತು ಮಾಡಲಾಗದು. ಭದ್ರಾವತಿಯ ಕಾರ್ಮಿಕನ ಕೆಲಸ, ಮನೆ, ನೀರು ಮೂರೂ ಒಂದೇ ಸಹಿಯ ಕೆಳಗಿದ್ದವು. ಆ ಸಹಿ ಮಾತ್ರ ದೂರ ದೂರ ಹೋಗುತ್ತ ಬಂತು. ಕಾರ್ಖಾನೆ 1989ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರದ ಅಂಗಸಂಸ್ಥೆಯಾಯಿತು, 1998ರಲ್ಲಿ ಅದರಲ್ಲಿ ವಿಲೀನವಾಯಿತು. 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ ಹೊರಬಿದ್ದಾಗ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು. ಮನವಿ ಪತ್ರಗಳು ಈ ಸಲ ವಿಧಾನಸೌಧವನ್ನು ದಾಟಿ ದೆಹಲಿಯ ರೈಲು ಹತ್ತಿದವು.